ಬೀರುವಿನ ಬೀಗದ ಕೈ

ಕಕ್ಕಡ ತಿಂಗಳ ಮಳೆಗೆ ಕೊಡಗಿನ ಮನೆಗಳಲ್ಲಿ ಬಳಸದೆ ಇಟ್ಟದ್ದಕ್ಕೆಲ್ಲ ಬೂಷ್ಟು ಹಿಡಿಯುತ್ತದೆ. ಟ್ರಂಕಿನಲ್ಲಿಟ್ಟ ಸೀರೆಗೆ, ಗೋಡೆಗೆ ತೂಗುಹಾಕಿದ ಬೆಲ್ಟಿಗೆ, ಮೂಲೆಯಲ್ಲಿಟ್ಟ ಚಪ್ಪಲಿಗೆ. ದಿನಾ ಮೆಟ್ಟುವ ಚಪ್ಪಲಿಗೆ ಮಾತ್ರ ಹಿಡಿಯುವುದಿಲ್ಲ. ಇಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಪುಸ್ತಕದ ವಿಷಯಕ್ಕೆ ಬಂದಾಗ ನಾನು ಇದನ್ನು ಮರೆತಿದ್ದೆ.

ದಕ್ಷಿಣ ಕೊಡಗಿನ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರಾಗಿದ್ದೆ. ಲೈಬ್ರರಿ ಚಾರ್ಜೂ ನನ್ನದೇ. ಲೈಬ್ರರಿ ಎಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿ ಎರಡು ಕಬ್ಬಿಣದ ಬೀರು, ಒಂದು ಸ್ಟಾಕ್ ರಿಜಿಸ್ಟರ್, ಒಂದು ಬೀಗದ ಕೈ. ನನಗೆ ಚಾರ್ಜು ಕೊಟ್ಟು ವರ್ಗವಾಗಿ ಹೋದ ಹಿರಿಯರು ಹೋಗುವ ಮುಂಚೆ ಬುದ್ಧಿ ಹೇಳಿದ್ದರು: "ಪುಸ್ತಕ ಹೊರಗೆ ಬಿಡಬೇಡಿ, ಕಳೆದರೆ ಕೈಯಿಂದ ಕಟ್ಟಬೇಕಾಗುತ್ತೆ." ನಾಲ್ಕು ವರ್ಷ ಆ ಮಾತು ಪಾಲಿಸಿದೆ. ಒಂದು ಆಗಸ್ಟ್ ತಿಂಗಳಲ್ಲಿ ಸ್ವಾತಂತ್ರ್ಯ ದಿನದ ಭಾಷಣ ಸ್ಪರ್ಧೆಗೆಂದು ಗಾಂಧೀಜಿಯವರ ಆತ್ಮಕಥೆ ಬೇಕಾಗಿ ಬೀರು ತೆರೆದೆ. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ರಟ್ಟುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಾಳೆ ಬಿಡಿಸಹೋದರೆ ಅಕ್ಷರವೇ ಕಿತ್ತು ಬಂತು. ಕೆಳಗಿನ ಎರಡು ಅರೆಯ ಪುಸ್ತಕಗಳು ಒಂದೂ ಓದುವಂತಿರಲಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ಲೆಕ್ಕ ಸರಿಯಾಗಿತ್ತು, ಒಂದು ಪುಸ್ತಕವೂ ಕಳೆದಿರಲಿಲ್ಲ. ಒಂದು ಮಗುವೂ ಮುಟ್ಟದೆ ಅವು ಹಾಳಾದದ್ದಕ್ಕೆ ಯಾರೂ ನನ್ನನ್ನು ಪ್ರಶ್ನಿಸಲಿಲ್ಲ. ಆ ಸಂಕಟ ಇಂದಿಗೂ ನನ್ನಲ್ಲಿದೆ.

ಪುಸ್ತಕ ಕಳೆಯುವ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಸಂಬಳ ನಂಬಿದ ಮೇಷ್ಟ್ರಿಗೆ ಆಡಿಟ್ ಎಂದರೆ ಹೆದರಿಕೆ ಇದ್ದೇ ಇರುತ್ತದೆ. ಆದರೆ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯಕ್ಕೆಂದೇ ಒಂದು ಮಾತಿದೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1000 ಪುಸ್ತಕಕ್ಕೆ 5 ಪುಸ್ತಕ ಕಳೆದರೆ, ಅದರಲ್ಲಿ ಮೋಸ ಅಥವಾ ಅಲಕ್ಷ್ಯ ಇಲ್ಲದಿದ್ದರೆ, ಅದು ಸಹಜ ಎಂದು ಒಪ್ಪಿಕೊಳ್ಳಬಹುದು. ದುಬಾರಿ ಪುಸ್ತಕ, ಅಪರೂಪದ ಪುಸ್ತಕ ಕಳೆದರೆ ವಿಚಾರಣೆ ಆಗಲೇಬೇಕು. ಇಲ್ಲಿ ಗಮನಿಸಬೇಕಾದದ್ದು ಲೆಕ್ಕ ಹಾಕುವ ರೀತಿ. ಕಳೆದ ಪುಸ್ತಕವನ್ನು ಅಳೆಯುವುದು ಓದಲು ಕೊಟ್ಟ ಪುಸ್ತಕದಿಂದ. ಕೊಡುವವನಿಗೇ ಆ ನಿಯಮ ಆಸರೆ. ಪುಸ್ತಕ ಇರುವುದು ಕೊಡುವುದಕ್ಕೇ ಎಂಬುದು ಹೊಸ ಮಾತೂ ಅಲ್ಲ. ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಬರೆದರು. ಅವುಗಳಲ್ಲಿ ಮೊದಲನೆಯದೇ ಪುಸ್ತಕದ ಬಳಕೆಯನ್ನು ಕುರಿತದ್ದು. ಇದಕ್ಕೆ ವಿರುದ್ಧವಾಗಿ ಯುರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಲ್ಲಿ ಕಟ್ಟಿಡುತ್ತಿದ್ದರು. ನಮ್ಮ ಬೀರುವಿನ ಬೀಗ ಆ ಸರಪಳಿಯ ಕೊಂಡಿಯೇ.

ಇನ್ನೊಂದು ಸಂಗತಿಯೂ ನನ್ನನ್ನು ಕಾಡುತ್ತದೆ. ಓದಿಗೆ ಹುರಿದುಂಬಿಸುವ ಕೆಲಸವನ್ನು ಚಿಕ್ಕ ಮಕ್ಕಳಿಗೆ ಮಾಡಿ, ಹೈಸ್ಕೂಲಿಗೆ ಬಂದಾಗ ಬಿಟ್ಟುಬಿಡುತ್ತೇವೆ. 2022ರ ಜನವರಿಯಿಂದ ದೇಶದಾದ್ಯಂತ ನೂರು ದಿನಗಳ ಓದುವ ಆಂದೋಲನ ನಡೆಯಿತು. ಒಳ್ಳೆಯ ಕೆಲಸ. ಅದು ಎಂಟನೆಯ ತರಗತಿಗೆ ನಿಂತಿತು. ಒಂಬತ್ತಕ್ಕೆ ಬಂದ ಮಗುವಿನ ಕೈಗೆ ಗೈಡು ಬರುತ್ತದೆ, ಹಳೆಯ ಪ್ರಶ್ನೆಪತ್ರಿಕೆ ಬರುತ್ತದೆ. ಕಥೆ ಪುಸ್ತಕ ಹಿಡಿದರೆ, "ಇದು ಪರೀಕ್ಷೆಗೆ ಬರುತ್ತಾ?" ಎಂದು ಅಪ್ಪ ಕೇಳುತ್ತಾನೆ. ತನ್ನೊಳಗೆ ನೂರು ಪ್ರಶ್ನೆ ಏಳುವ ಹದಿನಾಲ್ಕು ಹದಿನೈದರ ವಯಸ್ಸು ಅದು. ಬೇರೊಬ್ಬರ ಬದುಕನ್ನು ಪುಸ್ತಕದಲ್ಲಿ ಕಾಣುವ ಅಗತ್ಯ ಆ ವಯಸ್ಸಿಗೆ ಇರುವಷ್ಟು ಇನ್ನಾವ ವಯಸ್ಸಿಗೂ ಇಲ್ಲವೆಂದು ನಾನು ನಂಬಿದ್ದೇನೆ.

ನಮ್ಮ ಜಿಲ್ಲೆಯ ತರಗತಿಗೆ ಅದರದೇ ಒಂದು ಕಷ್ಟವಿದೆ. ಒಂದೇ ಬೆಂಚಿನಲ್ಲಿ ಕೂತ ನಾಲ್ಕು ಮಕ್ಕಳ ಮನೆಮಾತು ನಾಲ್ಕು ಬಗೆ ಇರುತ್ತದೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ತಮಿಳು, ಎರವರ ಮಾತು, ಜೇನುಕುರುಬರ ಮಾತು. ಈಚೆಗೆ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಅಸ್ಸಾಮಿನಿಂದ ಬಂದವರ ಮಕ್ಕಳೂ ಇದ್ದಾರೆ. ಇವರಲ್ಲಿ ಎಷ್ಟೋ ಮಂದಿಗೆ ಕನ್ನಡವೆಂದರೆ ಶಾಲೆಯ ಗೇಟಿನೊಳಗೆ ಮಾತ್ರ ಸಿಗುವ ಭಾಷೆ. ಅಂಥ ಮಗುವಿಗೆ ಪುಸ್ತಕ ಕೊಟ್ಟು ಸುಮ್ಮನೆ ಓದು ಎಂದರೆ ಅದು ಸಾಲು ಎಣಿಸುತ್ತದೆ ಅಷ್ಟೆ. ಮೊದಲು ಅದರ ಕಿವಿಗೆ ಕನ್ನಡ ಬೀಳಬೇಕು.

ಇದನ್ನು ನಾನು ಕಲಿತದ್ದು ಬೂಷ್ಟು ಹಿಡಿದ ಆ ವರ್ಷದ ನಂತರ. ದಿನಾ ಕನ್ನಡ ಪಿರಿಯಡ್ಡಿನ ಕೊನೆಯ ಹತ್ತು ನಿಮಿಷ ಒಂದು ಕಥೆಯನ್ನು ಗಟ್ಟಿಯಾಗಿ ಓದತೊಡಗಿದೆ. ಗಂಟೆ ಹೊಡೆದಾಗ ಕಥೆ ಎಲ್ಲಿಗೆ ಬಂದಿರುತ್ತದೋ ಅಲ್ಲಿಗೆ ನಿಲ್ಲಿಸುತ್ತಿದ್ದೆ. ಮೂರನೆಯ ವಾರ ಬುಡಕಟ್ಟಿನವರ ಹಾಡಿಯಿಂದ ಬರುವ ಒಬ್ಬಳು ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸರ್, ಆ ಬುಕ್ಕು ಮನೆಗೆ ಕೊಡ್ತೀರಾ?" ಎಂದಳು. ಹಾಲಿನ ಪ್ಲಾಸ್ಟಿಕ್ ಕವರುಗಳನ್ನು ಬಿಡಿಸಿ ಹೊಲಿದ ಚೀಲ ತಂದಿದ್ದಳು, ಮಳೆಗೆ ನೆನೆಯದಿರಲೆಂದು. ಒಂದು ವಾರ ಬಿಟ್ಟು ವಾಪಸು ತಂದಾಗ ಕೇಳಿದೆ, ಪೂರ್ತಿ ಓದಿದೆಯಾ ಎಂದು. ತಾನು ಒಂದೊಂದೇ ಸಾಲು ಓದಿ, ಓದು ಬಾರದ ಅಜ್ಜಿಗೆ ತಮ್ಮ ಮಾತಿನಲ್ಲಿ ಹೇಳುತ್ತಾ ಹೋದಳಂತೆ. ಅಜ್ಜಿ ಕಥೆ ಮುಗಿಸಲು ಬಿಡದೆ ತನ್ನದೊಂದು ಕಥೆ ಸೇರಿಸಿದಳಂತೆ. ನಾನು ತರಬೇತಿಗಳಲ್ಲಿ ಕೇಳಿದ ಯಾವ ಓದಿನ ವಿಧಾನವೂ ಆ ಮಗು ತಾನೇ ಕಂಡುಕೊಂಡದ್ದಕ್ಕೆ ಸಮನಲ್ಲ.

ಮನೆಮಾತು ಬೇರೆಯಾದ ಮಾತ್ರಕ್ಕೆ ಕನ್ನಡದ ಓದು ದೂರವಾಗಬೇಕಿಲ್ಲ. ಇದಕ್ಕೆ ಕೊಡಗಿನ ಶಾಲೆಯೊಂದರ ಇತಿಹಾಸವೇ ಸಾಕ್ಷಿ. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಬಂದ ಪಂಜೆ ಮಂಗೇಶರಾಯರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು, ಅವರ ಮನೆಮಾತು ಕೊಂಕಣಿ. ಸುತ್ತಮುತ್ತ ತುಳು. ಅವರು ಮಕ್ಕಳಿಗಾಗಿ ಬರೆದದ್ದು ಕನ್ನಡದಲ್ಲಿ. ಕೊಡಗಿನ ಸುಗ್ಗಿಯ ಹಬ್ಬವನ್ನು ಕಂಡು 'ಹುತ್ತರಿ ಹಾಡು' ಕಟ್ಟಿದರು. ತಮ್ಮ ಊರಿನ ಬೆಟ್ಟ, ತಮ್ಮ ಹಬ್ಬ ಪುಸ್ತಕದ ಹಾಳೆಯಲ್ಲಿ ಇದೆ ಎಂದು ಮಕ್ಕಳಿಗೆ ತೋರಿಸುವುದಕ್ಕಿಂತ ದೊಡ್ಡ ಪ್ರೋತ್ಸಾಹ ಯಾವುದಿದೆ? ಮುಂದೆ ಇದೇ ನೆಲದಲ್ಲಿ ಶಿಕ್ಷಕರಾಗಿದ್ದ ಭಾರತೀಸುತರು ಕಾದಂಬರಿಗಳನ್ನು ಬರೆದರು. 'ಎಡಕಲ್ಲು ಗುಡ್ಡದ ಮೇಲೆ' ಸಿನಿಮಾ ಎಂದರೆ ಇಂದಿನ ಮಕ್ಕಳ ಅಜ್ಜ ಅಜ್ಜಿಯರಿಗೆ ಗೊತ್ತು. ಅದು ಕೊಡಗಿನ ಈ ಮೇಷ್ಟ್ರ ಕಾದಂಬರಿಯನ್ನು ಆಧರಿಸಿದ್ದೆಂದು ನಮ್ಮ ಹೈಸ್ಕೂಲು ಮಕ್ಕಳಿಗೆ ಗೊತ್ತೇ? ಸುಂಟಿಕೊಪ್ಪದ ಬಳಿಯ ಕಾಫಿ ತೋಟದಲ್ಲಿ ಬದುಕಿ, ಕಥೆಗಳನ್ನು ಬರೆದು, 1939ರಲ್ಲಿ ಇಪ್ಪತ್ತೇಳರ ಹರೆಯದಲ್ಲೇ ತೀರಿಕೊಂಡ ಕೊಡಗಿನ ಗೌರಮ್ಮನವರ 'ಕಂಬನಿ' ಸಂಕಲನ ನಿಮ್ಮ ಶಾಲೆಯ ಬೀರುವಿನಲ್ಲಿದೆಯೇ? ಇದ್ದರೆ ಅದು ಯಾವ ಹುಡುಗಿಯ ಕೈಯಲ್ಲಾದರೂ ಮನೆಗೆ ಹೋಗಿದೆಯೇ?

ಓದಿನ ರುಚಿ ಹತ್ತಿಸುವಾಗ ನಾನು ಮಾಡಿದ ಇನ್ನೊಂದು ತಪ್ಪೂ ನೆನಪಿದೆ. ಪುಸ್ತಕ ವಾಪಸು ತಂದ ಮಕ್ಕಳಿಗೆ ಸಾರಾಂಶ ಬರೆಯಿರಿ ಎಂದೆ. ಮುಂದಿನ ವಾರ ಅರ್ಧ ಮಂದಿ ಬರಲಿಲ್ಲ. ಸಾರಾಂಶ ಬಿಟ್ಟೆ, ಅವರು ಮರಳಿ ಬಂದರು. ಒಬ್ಬ ಹುಡುಗ ವರ್ಷವಿಡೀ ಪತ್ರಿಕೆಯ ಕ್ರೀಡಾ ಪುಟದ ಹಾಕಿ ಸುದ್ದಿ ಬಿಟ್ಟು ಬೇರೇನೂ ಓದಲಿಲ್ಲ. ಓದಲಿ ಎಂದು ಬಿಟ್ಟೆ. ಏಪ್ರಿಲ್‌ನಲ್ಲಿ ಕೊಡವ ಕುಟುಂಬಗಳ ಪಂದ್ಯಾವಳಿ 'ಹಾಕಿ ನಮ್ಮೆ' ನಡೆಯುವಾಗ ಅವನು ತಾನೇ ಒಂದು ಪಂದ್ಯದ ವರದಿ ಬರೆದು ತಂದ. ತಪ್ಪುಗಳಿದ್ದವು. ತಿದ್ದಿ ಗೋಡೆಗೆ ಅಂಟಿಸಿದೆವು. ಆ ಹುಡುಗ ಕಾದಂಬರಿ ಓದಿದನೇ ಎಂದು ಕೇಳಬೇಡಿ. ಅವನು ಓದುವವನಾದ, ನನಗೆ ಅಷ್ಟು ಸಾಕಿತ್ತು.

ಪುಸ್ತಕ ಹರಿದು ಬಂದಾಗ ಬೈಯಬೇಡಿ. ಗೋಂದು, ಸೂಜಿ, ದಾರ ಕೊಟ್ಟು ಮಕ್ಕಳ ಕೈಯಲ್ಲೇ ಹೊಲಿಸಿ. ಪುಸ್ತಕ ಮನೆಗೆ ಕೊಡಲು ಶುರುಮಾಡಿದ ಆ ವರ್ಷ ನಮ್ಮಲ್ಲಿ ಮೂರು ಪುಸ್ತಕ ಕಳೆದವು, ಹದಿನಾರು ಹರಿದವು. ಮುಂದಿನ ಮಳೆಗಾಲದಲ್ಲಿ ಬೂಷ್ಟು ಹಿಡಿದದ್ದು ಒಂದೂ ಇಲ್ಲ, ಏಕೆಂದರೆ ಬೀರು ಹೆಚ್ಚುಕಡಿಮೆ ಖಾಲಿಯಾಗಿತ್ತು.

ಈಗ ಶಾಲೆಗೆ ಹೊರಡುತ್ತಿರುವ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಶಾಲೆಯ ಬೀರುವಿನ ಬೀಗದ ಕೈಯನ್ನು ಇವತ್ತು ಇಬ್ಬರು ಮಕ್ಕಳ ಕೈಗೆ ಕೊಡಿ, ರಿಜಿಸ್ಟರನ್ನೂ ಅವರೇ ಬರೆಯಲಿ. ತಂದೆ ತಾಯಂದಿರಿಗೆ ಒಂದು ಮಾತು. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ನಿಮ್ಮ ಮಗ, ಮಗಳು ಹತ್ತನೆಯ ತರಗತಿಯಲ್ಲಿದ್ದರೂ ಈ ಶನಿವಾರ ಕರೆದುಕೊಂಡು ಹೋಗಿ ಹೆಸರು ಬರೆಸಿ. ಮಳೆ ಬರುತ್ತಿದ್ದರೆ ಒಂದು ಪ್ಲಾಸ್ಟಿಕ್ ಕವರು ಕೈಯಲ್ಲಿರಲಿ.