ಡಿಕ್ಕಿ ತುಂಬುವ ಮುನ್ನ



ಶುಕ್ರವಾರ ಸಂಜೆ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೊರಟು, ಸಕಲೇಶಪುರ, ಮೂಡಿಗೆರೆ ಕಡೆ ಯಾವುದಾದರೂ ತೋಟದವರು ಒಪ್ಪಿಕೊಟ್ಟ ಬಯಲಲ್ಲಿ ಕಾರು ನಿಲ್ಲಿಸಿ, ಪಕ್ಕದಲ್ಲೇ ಟೆಂಟ್ ಹಾಕಿ, ಎರಡು ರಾತ್ರಿ ಇದ್ದು ಬರುವವರು ಈಗ ಹೆಚ್ಚಾಗಿದ್ದಾರೆ. ಲಾಡ್ಜಿನ ಗೋಡೆ ಬಿಟ್ಟು ಬಯಲಲ್ಲಿ ಮಲಗುವ ಆಸೆ ಒಳ್ಳೆಯ ಆಸೆ. ಮಕ್ಕಳಿಗಂತೂ ಅದು ಬೇಕೇ ಬೇಕು ಎಂದು ನನ್ನ ನಂಬಿಕೆ. ಇವತ್ತಿನ ಮಾತು ಆ ಕಾರಿನ ಡಿಕ್ಕಿಯ ಬಗ್ಗೆ. ಅದರೊಳಗೆ ಏನಿರಬೇಕು, ಏನು ಮನೆಯಲ್ಲೇ ಉಳಿಯಬೇಕು ಎಂಬ ಬಗ್ಗೆ.

ಬೆನ್ನಿಗೆ ಚೀಲ ಹಾಕಿಕೊಂಡು ಕುಮಾರಪರ್ವತ ಹತ್ತುವವರಿಗೆ ಸಾಮಾನು ಕಡಿಮೆ ಮಾಡಿ ಎಂದು ಯಾರೂ ಹೇಳಬೇಕಾಗಿಲ್ಲ. ಭುಜವೇ ಹೇಳುತ್ತದೆ. ಕಾರಿನಲ್ಲಿ ಹೋಗುವವರಿಗೆ ಹಾಗೆ ಎಚ್ಚರಿಸುವವರು ಯಾರೂ ಇಲ್ಲ. ಡಿಕ್ಕಿಯ ಬಾಗಿಲು ಹಾಕಲು ಬಾರದಾಗುವವರೆಗೂ ತುರುಕುತ್ತಾ ಹೋಗುತ್ತೇವೆ. ಭಾರ ಎಳೆಯುವುದು ಎಂಜಿನ್ ನಿಜ. ಆದರೆ ಅದನ್ನೆಲ್ಲ ಇಳಿಸಿ, ಬಿಚ್ಚಿ, ಹರವಿ, ಕತ್ತಲಲ್ಲಿ ಹುಡುಕಿ, ಬೆಳಿಗ್ಗೆ ಒರೆಸಿ, ಮಡಚಿ, ಮತ್ತೆ ಏರಿಸುವುದು ನಾವು. ಸುಖಕ್ಕೆಂದು ತಂದ ಸಾಮಾನಿನ ಚಾಕರಿಯಲ್ಲೇ ಅರ್ಧ ದಿನ ಹೋಗುತ್ತದೆ.

ಇದು ಹಳೆಯ ಕಥೆ. ಅಮೆರಿಕದಲ್ಲಿ ಕಾರಿನ ಹೆನ್ರಿ ಫೋರ್ಡ್, ವಿದ್ಯುದ್ದೀಪದ ಥಾಮಸ್ ಎಡಿಸನ್, ಟೈರಿನ ಹಾರ್ವೆ ಫೈರ್‌ಸ್ಟೋನ್, ಅವರೊಂದಿಗೆ ನಿಸರ್ಗದ ಬಗ್ಗೆ ಬರೆಯುತ್ತಿದ್ದ ವಯೋವೃದ್ಧ ಜಾನ್ ಬರೋಸ್, ಇಷ್ಟು ಜನ ಸೇರಿ 1910ರ ದಶಕದಲ್ಲಿ ಬೇಸಿಗೆಗೊಮ್ಮೆ ಕಾರುಗಳಲ್ಲಿ ಬಯಲಿಗೆ ಹೋಗಿ ಡೇರೆ ಹಾಕುತ್ತಿದ್ದರು. ತಮ್ಮನ್ನು ಅಲೆಮಾರಿಗಳು ಎಂದು ಕರೆದುಕೊಂಡಿದ್ದರು. ವರ್ಷದಿಂದ ವರ್ಷಕ್ಕೆ ಸಾಮಾನು ಬೆಳೆಯಿತು. ಒಲೆ, ಐಸ್ ಪೆಟ್ಟಿಗೆ ಕೂಡಿಸಿದ ಅಡುಗೆಯ ವಾಹನ ಬಂತು, ಅಡುಗೆಯವರು ಬಂದರು, ಎಡಿಸನ್ನರ ಬ್ಯಾಟರಿಗಳಿಂದ ಡೇರೆಗಳಿಗೆ ದೀಪ ಬಂತು, ಹತ್ತಾರು ಜನ ಸುತ್ತ ಕೂತು ಉಣ್ಣುವ ದುಂಡು ಮೇಜು ಬಂತು. 1921ರಲ್ಲಿ ಅಧ್ಯಕ್ಷ ವಾರೆನ್ ಹಾರ್ಡಿಂಗ್ ಕೂಡ ಆ ಬಿಡಾರಕ್ಕೆ ಬಂದು ಹೋದರು. ಅಷ್ಟು ಹೊತ್ತಿಗೆ ಪತ್ರಕರ್ತರು, ಛಾಯಾಗ್ರಾಹಕರು ಹಿಂದೆಯೇ ಬರುತ್ತಿದ್ದರು. 1924ರ ಹೊತ್ತಿಗೆ ಆ ಯಾತ್ರೆಗಳು ನಿಂತೇ ಹೋದವು. ಯಾವ ಏಕಾಂತಕ್ಕೆಂದು ಹೊರಟಿದ್ದರೋ ಅದು ಅಷ್ಟು ಜನ, ಅಷ್ಟು ಸರಂಜಾಮಿನ ನಡುವೆ ಉಳಿಯಲು ಸಾಧ್ಯವೇ ಇರಲಿಲ್ಲ.

ಹಾಗಾದರೆ ಎಲ್ಲವನ್ನೂ ಬಿಟ್ಟು ಒಂದು ಚಾದರ ಹಿಡಿದು ಹೋಗೋಣವೇ? ಅದನ್ನೂ ನಾನು ಹೇಳುವುದಿಲ್ಲ. ನನ್ನ ಅಭಿಪ್ರಾಯ ಸರಳವಾದದ್ದು. ರಾತ್ರಿಯ ವಿಷಯದಲ್ಲಿ ಧಾರಾಳವಾಗಿರಿ, ಹಗಲಿನ ವಿಷಯದಲ್ಲಿ ಬಿಗಿಯಾಗಿರಿ. ನಿದ್ದೆಗೆ, ಬೆಚ್ಚಗಿರುವುದಕ್ಕೆ, ಒದ್ದೆಯಾಗದೆ ಇರುವುದಕ್ಕೆ ಬೇಕಾದದ್ದನ್ನು ಎಷ್ಟೇ ಜಾಗ ಹಿಡಿದರೂ ಒಯ್ಯಿರಿ. ಮನೆಯ ಅಡುಗೆಕೋಣೆಯನ್ನೂ ಹಜಾರವನ್ನೂ ಬಯಲಲ್ಲಿ ಮತ್ತೆ ಕಟ್ಟಲು ಹೋಗಬೇಡಿ.

ಮೊದಲು ಲೆಕ್ಕ ನೋಡೋಣ. ನಮ್ಮ ಸಾಮಾನ್ಯ ಸಣ್ಣ ಕಾರು ಜನ, ಸಾಮಾನು ಎಲ್ಲ ಸೇರಿ ಹೊರಬಲ್ಲದ್ದು ಸುಮಾರು 400ರಿಂದ 450 ಕಿಲೋ. ತಲಾ 70 ಕಿಲೋದ ಐದು ಜನ ಕೂತರೆ 350 ಅಲ್ಲಿಗೇ ಆಯಿತು. ಉಳಿದದ್ದು 50ರಿಂದ 100 ಕಿಲೋ. ಅದರಲ್ಲಿ 20 ಲೀಟರ್ ನೀರಿನ ಕ್ಯಾನ್ ಒಂದೇ 20 ಕಿಲೋ ತಿನ್ನುತ್ತದೆ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ನಾಲ್ಕೈದು ಲೀಟರ್ ಬೇಕು. ಹೋಗುವ ತೋಟದಲ್ಲಿ ಕುಡಿಯುವ ನೀರು ಸಿಗುತ್ತದೆಯೇ ಎಂದು ಒಂದು ಫೋನ್ ಮಾಡಿ ಕೇಳಿದರೆ, ಡಿಕ್ಕಿಯಲ್ಲಿ ಎಲ್ಲಕ್ಕಿಂತ ಭಾರವಾದ ವಸ್ತುವೇ ಇಳಿದು ಹೋಗುತ್ತದೆ. ಹಗುರವಾಗುವ ಉಪಾಯ ಅಂಗಡಿಯಲ್ಲಿ ದುಬಾರಿ ಸಾಮಾನು ಕೊಳ್ಳುವುದರಲ್ಲೇ ಇರಬೇಕೆಂದಿಲ್ಲ. ಎಷ್ಟೋ ಸಲ ಅದು ಇಂಥ ಒಂದು ವಿಚಾರಣೆಯಲ್ಲಿ ಇರುತ್ತದೆ.

ಈಗ ನಿದ್ದೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಏಕೆಂದರೆ ಬಹಳ ಜನ ಹೊದಿಕೆಯ ಬಗ್ಗೆ ಯೋಚಿಸುತ್ತಾರೆ, ಹಾಸಿಗೆಯ ಬಗ್ಗೆ ಯೋಚಿಸುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಚಿಕ್ಕಮಗಳೂರಿನ ಕಡೆ ರಾತ್ರಿ 14 ಡಿಗ್ರಿಯ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ನಮ್ಮ ಮೈ 37 ಡಿಗ್ರಿ. ಮೈ ತಾಗಿದ ತಣ್ಣನೆಯ ನೆಲ ಇಡೀ ರಾತ್ರಿ ಶಾಖವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಮೇಲೆ ಎರಡು ರಗ್ಗು ಹೊದ್ದರೂ ಬೆನ್ನು ಕೊರೆಯುವುದು ಅದಕ್ಕೇ. ಮೈಯ ಕೆಳಗೆ ಸಿಕ್ಕಿಕೊಂಡ ರಗ್ಗು, ಹತ್ತಿ ಎಲ್ಲ ಭಾರಕ್ಕೆ ಚಪ್ಪಟೆಯಾಗಿ ಅದರೊಳಗಿನ ಗಾಳಿ ಹೊರಟು ಹೋಗಿರುತ್ತದೆ. ಬೆಚ್ಚಗಿಡುವುದು ಆ ಗಾಳಿಯೇ ಹೊರತು ಬಟ್ಟೆಯಲ್ಲ.

ಪಂಪಿನಿಂದ ಊದುವ ದಪ್ಪ ಗಾಳಿ ಹಾಸಿಗೆಯಲ್ಲಿ ಬೇಕಾದಷ್ಟು ಗಾಳಿ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಆದರೆ ಅದು ಒಳಗೆ ಓಡಾಡುವ ಗಾಳಿ. ಮೇಲೆ ನಮ್ಮ ಮೈಯಿಂದ ಬಿಸಿ ಪಡೆದು ಕೆಳಗೆ ನೆಲಕ್ಕೆ ಕೊಡುತ್ತಾ ಇರುತ್ತದೆ. ಹಾಗಾಗಿ ಮಲಗಿದಾಗ ಹಿತವಾಗಿದ್ದ ಹಾಸಿಗೆ ಬೆಳಗಿನ ಜಾವಕ್ಕೆ ತಣ್ಣಗಾಗುತ್ತದೆ. ಅದೇ ಒಂದು ಸೆಂಟಿಮೀಟರ್ ದಪ್ಪದ ಫೋಮ್ ಚಾಪೆಯನ್ನು ನೋಡಿ. ಅದರೊಳಗಿನ ಗಾಳಿ ಸಣ್ಣ ಸಣ್ಣ ಮುಚ್ಚಿದ ಗುಳ್ಳೆಗಳಲ್ಲಿ ಸಿಕ್ಕಿಕೊಂಡಿದೆ, ಅಲುಗಾಡುವಂತಿಲ್ಲ. ತೂಕ ಅರ್ಧ ಕಿಲೋ ಕೂಡ ಇರುವುದಿಲ್ಲ. ಚಾರಣಿಗರಿಗೆ ಅದರ ಗಾತ್ರ ತೊಡಕು, ಕಾರಿನವರಿಗೆ ಏನೂ ಅಲ್ಲ. ಸಾಮಾನಿನ ಮೇಲೆ ಸುರುಳಿ ಸುತ್ತಿ ಇಟ್ಟರೆ ಆಯಿತು. ಅಂಗಡಿಯಲ್ಲಿ ಇಂಥ ಹಾಸಿಗೆಗಳ ಮೇಲೆ ಆರ್-ವ್ಯಾಲ್ಯೂ ಎಂಬ ಅಂಕಿ ಇರುತ್ತದೆ. ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ ಅದು. ಬರೀ ಗಾಳಿ ಹಾಸಿಗೆಗೆ ಒಂದರ ಆಸುಪಾಸು, ಒಳ್ಳೆಯ ಫೋಮ್ ಚಾಪೆಗೆ ಎರಡರ ಆಸುಪಾಸು. ಒಂದರ ಮೇಲೊಂದು ಹಾಸಿದರೆ ಎರಡೂ ಅಂಕಿ ಕೂಡುತ್ತವೆ. ಆದ್ದರಿಂದ ಮನೆಯಲ್ಲಿ ಈಗಾಗಲೇ ಗಾಳಿ ಹಾಸಿಗೆ ಇದ್ದರೆ ಎಸೆಯಬೇಡಿ. ಅದರ ಮೇಲೊಂದು ಫೋಮ್ ಚಾಪೆ ಹಾಸಿ. ಮಲೆನಾಡಿನ ಚಳಿಗೆ ಅಷ್ಟು ಸಾಕು.

ಹೊದಿಕೆಗೆ ಹಿಮಾಲಯದ ಸ್ಲೀಪಿಂಗ್ ಬ್ಯಾಗು ಬೇಕಾಗಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಹೊಲಿದು ಮಾಡುವ ಕೌದಿ ಇದೆ, ಕುರುಬರ ಕರಿ ಕಂಬಳಿ ಇದೆ. ಕಂಬಳಿಯ ಉಣ್ಣೆಗೆ ಒಂದು ಗುಣವಿದೆ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆ ಎನಿಸುವುದಿಲ್ಲ. ಹಕ್ಕಿಯ ಮೃದುವಾದ ಗರಿ ತುಂಬಿದ ದುಬಾರಿ ಚೀಲಗಳು ಹಗುರ ನಿಜ, ಆದರೆ ನೆನೆದರೆ ಗಂಟು ಕಟ್ಟಿ ಶಾಖ ಹಿಡಿಯುವುದನ್ನೇ ಬಿಡುತ್ತವೆ. ಮಂಜು ತೊಟ್ಟಿಕ್ಕುವ ನಮ್ಮ ಘಟ್ಟಕ್ಕೆ ಕಂಬಳಿಯೇ ಮೇಲು. ಮತ್ತೆ ದಯವಿಟ್ಟು ಮನೆಯ ದಿಂಬನ್ನೇ ತನ್ನಿ. ಬಟ್ಟೆ ಸುತ್ತಿ ತಲೆಗಿಟ್ಟುಕೊಳ್ಳುತ್ತೇನೆ ಎನ್ನುವ ಶೌರ್ಯ ಬೆಳಿಗ್ಗೆ ಕುತ್ತಿಗೆ ಹಿಡಿದುಕೊಂಡಾಗ ಉಳಿಯುವುದಿಲ್ಲ.

ಟೆಂಟಿನ ಮೇಲೆ ನಾಲ್ಕು ಜನರಿಗೆ ಎಂದು ಬರೆದಿದ್ದರೆ ಮೈಗೆ ಮೈ ತಾಗಿಸಿ ಮಲಗುವ ನಾಲ್ವರು ಎಂದರ್ಥ. ಇಬ್ಬರು ದೊಡ್ಡವರು, ಒಂದು ಮಗು ಅದರಲ್ಲಿ ಹಿತವಾಗಿ ಮಲಗಬಹುದು. ಎರಡು ಪದರದ ಟೆಂಟನ್ನೇ ಆರಿಸಿ. ಉಸಿರಿನ ತೇವ ಒಳಗಿನ ಜಾಲರಿಯಿಂದ ಹೊರಗೆ ಹೋಗಿ ಹೊರಪದರಕ್ಕೆ ಹತ್ತಿಕೊಳ್ಳುತ್ತದೆ, ನಮ್ಮ ಮೇಲೆ ಬೀಳುವುದಿಲ್ಲ. ಚಳಿಯೆಂದು ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದರೆ ಬೆಳಿಗ್ಗೆ ಗೋಡೆಯಿಂದ ನೀರು ಇಳಿಯುತ್ತಿರುತ್ತದೆ.

ನೆಲ ಬಿಟ್ಟು ಮಲಗುವ ಮಡಚುವ ಮಂಚದ ಬಗ್ಗೆ ಒಂದು ಮಾತು. ಎಂಟು ಹತ್ತು ಕಿಲೋ ತೂಗುತ್ತದೆ ಎಂದು ಅದನ್ನು ಬಿಟ್ಟು ಹೋಗುವವರಿದ್ದಾರೆ. ಆದರೆ ಮೊಣಕಾಲು ನೋವಿನ ಅಜ್ಜಿಯೋ ಸೊಂಟ ಬಗ್ಗದ ತಂದೆಯೋ ಜೊತೆಗಿದ್ದರೆ ಮೊದಲು ಡಿಕ್ಕಿಗೆ ಹೋಗಬೇಕಾದದ್ದು ಅದೇ, ಅದರ ಜೊತೆ ಕೈಗಳಿರುವ ಎತ್ತರದ ಒಂದು ಕುರ್ಚಿ. ಕೂತು ಏಳಲಾಗದವರಿಗೆ ನೆಲದ ಮೇಲಿನ ಎರಡು ದಿನ ಶಿಕ್ಷೆ. ಅವರನ್ನು ಮನೆಯಲ್ಲೇ ಬಿಟ್ಟು ಹೋಗುವುದಕ್ಕಿಂತ ಬೇರೆ ಹತ್ತು ಸಾಮಾನು ಬಿಟ್ಟು ಹೋಗುವುದು ಎಷ್ಟೋ ವಾಸಿ.

ಬರೀ ನೆಲದ ಮೇಲೆ ಮಲಗದಿರುವುದಕ್ಕೆ ನಮ್ಮ ಕಾಡಿಗೆ ಸಂಬಂಧಿಸಿದ ಒಂದು ಕಾರಣವೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗು ಕಚ್ಚುವುದರಿಂದ. ಅದು ಹೆಚ್ಚಾಗುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ಸರಿಯಾಗಿ ನಾವು ಟೆಂಟ್ ಹಾಕುವ ತಿಂಗಳುಗಳಲ್ಲಿ. ತರಗೆಲೆಯ ಮೇಲೆ ಜಮಖಾನ ಹಾಸಿ ಮಲಗುವುದು ನೋಡಲು ಚೆಂದ, ಮಲೆನಾಡಿನಲ್ಲಿ ಅದು ಬೇಡ. ತಳ ಹೊಲಿದ, ಜಿಪ್ ಪೂರ್ತಿ ಮುಚ್ಚುವ ಟೆಂಟ್ ಇರಲಿ. ಆ ಊರಿನಲ್ಲಿ ಕಾಯಿಲೆ ಕಾಣಿಸಿದೆಯೇ, ಮಂಗ ಸತ್ತಿದೆಯೇ ಎಂದು ತೋಟದವರನ್ನು ಕೇಳಿಯೇ ಹೊರಡಿ. ಸಕಲೇಶಪುರದ ಕಡೆಯಾದರೆ ಆನೆ ಓಡಾಟದ ಬಗ್ಗೆಯೂ ಕೇಳಿ. ರಾತ್ರಿ ತಿನ್ನುವ ಸಾಮಾನನ್ನು ಹೊರಗೆ ಬಿಡಬೇಡಿ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಹೊಕ್ಕು ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧ.

ಇನ್ನು ಅಡುಗೆ. ಡಿಕ್ಕಿ ಉಬ್ಬುವುದೇ ಇಲ್ಲಿ. ಎರಡು ಉರಿಯ ಒಲೆ, ಬಾಣಲೆ, ತವಾ, ಕುಕ್ಕರ್, ಗ್ರಿಲ್, ಇದ್ದಿಲು, ಐಸ್ ಬಾಕ್ಸ್, ಮಡಚುವ ಮೇಜು ಎಂದು ಪಟ್ಟಿ ಬೆಳೆಯುತ್ತದೆ. ಆದರೆ ಕಡಿಮೆ ಸಾಮಾನಿನಲ್ಲಿ ಬಯಲಲ್ಲಿ ಉಣ್ಣುವ ವಿದ್ಯೆಯನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು, ಈಗೀಗ ಟ್ರ್ಯಾಕ್ಟರಿನಲ್ಲಿ ಬರುವ ಕುಟುಂಬಗಳನ್ನು ನೋಡಿ. ಬಂಡಿಯ ನೆರಳಲ್ಲೇ ಬಿಡಾರ, ಮೂರು ಕಲ್ಲಿನ ಒಲೆ. ದೇವಿಯ ನೈವೇದ್ಯಕ್ಕೆ ಬೇಕಾದದ್ದನ್ನು ಅಲ್ಲೇ ಬಿಸಿಯಾಗಿ ಮಾಡುತ್ತಾರೆ. ಉಳಿದ ಹೊತ್ತಿಗೆ ಬುತ್ತಿಯಿದೆ. ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಏಕೆಂದರೆ ಅದರಲ್ಲಿ ನೀರಿನಂಶ ತೀರಾ ಕಡಿಮೆ. ಶೇಂಗಾ ಹಿಂಡಿ, ಗುರೆಳ್ಳು ಚಟ್ನಿಪುಡಿಗೂ ಐಸ್ ಬೇಡ. ದಕ್ಷಿಣದವರಿಗೆ ಪುಳಿಯೋಗರೆ ಗೊಜ್ಜು ಇದೆ, ಅವಲಕ್ಕಿ ಇದೆ, ಒಗ್ಗರಣೆ ಹಾಕಿ ಹುರಿದಿಟ್ಟ ರವೆ ಇದೆ. ಬಿಸಿನೀರು ಹಾಕಿದರೆ ಉಪ್ಪಿಟ್ಟು. ಇಷ್ಟು ಇರುವಾಗ ಎರಡು ರಾತ್ರಿಗೆ ಐಸ್ ಬಾಕ್ಸ್ ಹೊರುವುದನ್ನು ನಾನು ಒಪ್ಪುವುದಿಲ್ಲ. ಮಗುವಿಗೆ ಹಾಲು ಬೇಕೆಂದರೆ ಕೆಡದ ಪೊಟ್ಟಣದ ಹಾಲು ಸಿಗುತ್ತದೆ. ಔಷಧಿ ತಣ್ಣಗಿಡಬೇಕಾದವರು ಮಾತ್ರ ಸಣ್ಣ ಪೆಟ್ಟಿಗೆ ಒಯ್ಯಲಿ. ಅದರಲ್ಲಿ ಚೂರು ಐಸಿಗಿಂತ ನೀರು ತುಂಬಿ ಗಟ್ಟಿ ಮಾಡಿದ ಬಾಟಲಿ ಹೆಚ್ಚು ಹೊತ್ತು ಬರುತ್ತದೆ. ಔಷಧಿ ಮಾತ್ರ ಆ ಬಾಟಲಿಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ಇಡಬೇಕು.

ಒಂದು ಉರಿಯ ಸಣ್ಣ ಗ್ಯಾಸ್ ಒಲೆ, ಮೂರು ಲೀಟರಿನ ಕುಕ್ಕರ್, ಒಂದು ಪಾತ್ರೆ, ತಲಾ ಒಂದು ತಟ್ಟೆ ಲೋಟ. ನಾಲ್ಕು ಜನಕ್ಕೆ ಇದರಲ್ಲಿ ಅನ್ನ ಸಾರು ಕಾಫಿ ಎಲ್ಲ ಆಗುತ್ತದೆ. ಇನ್ನೂರು ಚಿಲ್ಲರೆ ಗ್ರಾಂ ಗ್ಯಾಸ್ ಇರುವ ಸಣ್ಣ ಡಬ್ಬಿ ಪೂರ್ತಿ ಉರಿಯಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಬರುತ್ತದೆ, ಎರಡು ಮೂರು ಡಬ್ಬಿ ಸಾಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಅವನ್ನು ಬಿಡಬಾರದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ, ದಯವಿಟ್ಟು ಮನೆಯ ಎಲ್ಲರಿಗೂ ತಿಳಿಸಿ. ಮುಚ್ಚಿದ ಟೆಂಟಿನೊಳಗೆ ಒಲೆ ಹಚ್ಚಬೇಡಿ, ಕೆಂಡದ ಅಗ್ಗಿಷ್ಟಿಕೆ ಇಡಬೇಡಿ. ಕಾರಿನೊಳಗೆ ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ರಕ್ತದಲ್ಲಿ ಕೂತುಬಿಡುತ್ತದೆ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಚಳಿ ತಡೆಯಲಾಗದಿದ್ದರೆ ಸೋರದ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಕಾಲ ಬಳಿ ಇಟ್ಟುಕೊಳ್ಳಿ.

ಸಾಮಾನು ಆರಿಸಿದ ಮೇಲೆ ಇಡುವ ಕ್ರಮ. ಭಾರವಾದದ್ದು ಕೆಳಗೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡಿರಲಿ. ಮೊದಲು ಬೇಕಾಗುವ ಟೆಂಟ್ ಮತ್ತು ಟಾರ್ಚು ಎಲ್ಲಕ್ಕಿಂತ ಮೇಲಿರಲಿ. ಹಿಂದಿನ ಗಾಜು ಕಾಣುವಂತಿರಲಿ. ಗಟ್ಟಿ ಸೂಟ್‌ಕೇಸಿಗಿಂತ ಮೆತ್ತನೆಯ ಚೀಲಗಳು ಸಂದಿಗಳಲ್ಲಿ ಸೇರುತ್ತವೆ. ಡಿಕ್ಕಿ ಸಾಲದೆಂದು ಚಾವಣಿಗೆ ಏರಿಸುವ ಮುನ್ನ ಕಾರಿನ ಕೈಪಿಡಿ ತೆರೆದು ನೋಡಿ. ಸಣ್ಣ ಕಾರುಗಳ ಚಾವಣಿ ಸಾಮಾನ್ಯವಾಗಿ 50 ಕಿಲೋದ ಆಸುಪಾಸಿನಷ್ಟನ್ನೇ ಹೊರಬಲ್ಲದು, ಅದೂ ಕ್ಯಾರಿಯರಿನ ತೂಕ ಸೇರಿಸಿ. ಚಾವಣಿಗೆ ಕಟ್ಟುವ ಟೆಂಟುಗಳೇ 50, 60 ಕಿಲೋ ತೂಗುತ್ತವೆ. ಭಾರ ಮೇಲೆ ಹೋದಷ್ಟೂ ಚಾರ್ಮಾಡಿಯಂಥ ತಿರುವುಗಳಲ್ಲಿ ಗಾಡಿ ವಾಲುತ್ತದೆ. ತುಂಬಿದ ಗಾಡಿಗೆ ಟೈರಿನ ಗಾಳಿ ಎಷ್ಟಿರಬೇಕೆಂದು ಚಾಲಕನ ಬಾಗಿಲ ಬದಿಯ ಚೀಟಿಯಲ್ಲಿ ಬೇರೆಯಾಗಿ ಬರೆದಿರುತ್ತದೆ, ಅಷ್ಟು ತುಂಬಿಸಿ. ಘಟ್ಟ ಇಳಿಯುವಾಗ ಬ್ರೇಕನ್ನೇ ನಂಬದೆ ಕೆಳ ಗೇರಿನಲ್ಲಿ ಇಳಿಯಿರಿ.

ಮರಳಿ ಬಂದ ರಾತ್ರಿ ಎಷ್ಟೇ ದಣಿದಿದ್ದರೂ ಟೆಂಟನ್ನು ಬಿಚ್ಚಿ ಬಾಲ್ಕನಿಯಲ್ಲೋ ತಾರಸಿಯಲ್ಲೋ ಹರವಿ. ಇಬ್ಬನಿಗೆ ಒದ್ದೆಯಾದದ್ದನ್ನು ಹಾಗೇ ಚೀಲದಲ್ಲಿ ಬಿಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ, ಕ್ರಮೇಣ ನೀರು ತಡೆಯುವ ಒಳಲೇಪ ಅಂಟಂಟಾಗಿ ಕಿತ್ತು ಬರುತ್ತದೆ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ಸಡಿಲವಾಗಿ ಮಡಚಿ ಒಳಗಿಡಿ.