ಬೆನ್ನೆಲುಬಿನ ರಕ್ಷಣೆಯೂ ಗೃಹಸ್ಥಧರ್ಮವೂ

 

ಮಾಗಡಿಯ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಸಾವನದುರ್ಗದ ವರ್ಣನೆಯನ್ನು ಹೇಳತಕ್ಕ ಅವಶ್ಯಕವಿಲ್ಲ. ಸಮುದ್ರಮಟ್ಟಕ್ಕಿಂತ 1226 ಮೀಟರುಗಳ ಎತ್ತರಕ್ಕೆ ಏರಿರುವ ಈ ಏಕಶಿಲಾಪರ್ವತವು, ಕರಿಗುಡ್ಡ ಬಿಳಿಗುಡ್ಡಗಳೆಂಬ ಎರಡು ಶಿಖರಗಳಿಂದ ಕೂಡಿ, ತಪ್ಪಲಿನಲ್ಲಿ ವೀರಭದ್ರಸ್ವಾಮಿಯ ಮತ್ತು ನರಸಿಂಹಸ್ವಾಮಿಯ ಗುಡಿಗಳನ್ನೂ ನೆತ್ತಿಯಲ್ಲಿ ನಂದಿಯ ಮಂಟಪವನ್ನೂ ಧರಿಸಿ ನಿಂತಿರುವುದು. ರಾಮನಗರದ ಹಿಂದಿನ ಹೆಸರಿನಿಂದ ಭೂಶಾಸ್ತ್ರಜ್ಞರು ಕ್ಲೋಸ್‌ಪೇಟೆ ಶಿಲೆಯೆಂದು ಕರೆಯುವ ಕಲ್ಲಿನ ಸಾಲು ಇದೇ. ಅದು ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರುಗಳಷ್ಟು ಉದ್ದ ನಾಡಿನ ನಡುವೆ ಬೆನ್ನೆಲುಬಿನಂತೆ ಹಾಯ್ದಿದೆ. ಅದರ ವಯಸ್ಸು ಸುಮಾರು 250 ಕೋಟಿ ವರುಷಗಳು. ಬೆಟ್ಟದ ಬೆನ್ನಿಗೆ ಯಾರ ಆರೈಕೆಯೂ ಬೇಡ. ಆದರೆ ಆ ಬೆಟ್ಟವನ್ನೇರಿ ನಂದಿಯ ದರ್ಶನಕ್ಕೆ ಹೋಗುವ ಮಾನವನ ಬೆನ್ನು ಕಲ್ಲಿನದಲ್ಲ. ಅದಕ್ಕೆ ದಿನದಿನವೂ ಪಾಲನೆ ಬೇಕು. ಆ ಪಾಲನೆಯು ಗೃಹಸ್ಥಧರ್ಮದ ಒಂದು ಅಂಗವೆಂಬುದೇ ಈ ಭಾಷಣದ ವಿಷಯ.

ಶರೀರವನ್ನೇ ಶಿವಾಲಯವೆಂದು ಬಗೆದ ಶರಣರ ಮತದಲ್ಲಿ ಈ ಮಾತು ಹೊಸದಾಗಿ ಕಾಣಬೇಕಾದುದಿಲ್ಲ. ಭಕ್ತನು ವಾಮಕರಸ್ಥಲದಲ್ಲಿ ಇಷ್ಟಲಿಂಗವನ್ನು ಬಿಜಯಂಗೈಸಿಕೊಂಡು, ಬೆನ್ನು ಕತ್ತುಗಳನ್ನು ನೆಟ್ಟಗಿರಿಸಿ, ದೃಷ್ಟಿಯನ್ನು ಲಿಂಗದಲ್ಲಿ ನೆಡುತ್ತಾನೆ. ಸೊಂಟ ಹಿಡಿದವನಿಗೆ ಆ ಆಸನವು ಐದು ನಿಮಿಷ ನಿಲ್ಲುವುದಿಲ್ಲ. ಲಿಂಗದಲ್ಲಿರಬೇಕಾದ ಮನಸ್ಸು ಸೊಂಟಕ್ಕೆ ಇಳಿಯುತ್ತದೆ. ಕಾಯಕಕ್ಕೂ ಅದೇ ಗತಿ. ಮನೆಯ ಯಜಮಾನನು ಬೆನ್ನುಬೇನೆಯಿಂದ ಮಲಗಿದರೆ ಹೊಲದ ಕೆಲಸ ನಿಲ್ಲುವುದು. ಗೃಹಿಣಿಯು ಮಲಗಿದರೆ ಒಲೆಯೇ ನಿಲ್ಲುವುದು. ಕಾಯಕ ನಿಂತ ಮನೆಯಲ್ಲಿ ದಾಸೋಹವೆಲ್ಲಿಂದ ನಡೆದೀತು?

ಬೆನ್ನೆಲುಬಿನ ರಚನೆಯನ್ನು ಸ್ಥೂಲವಾಗಿ ತಿಳಿದರೆ ಮುಂದಿನ ಮಾತು ಸುಲಭವಾಗುವುದು. ಹುಟ್ಟುವಾಗ ಇದರಲ್ಲಿ 33 ಮಣಿಗಳಿರುತ್ತವೆ. ಬೆಳೆದಂತೆ ಕೆಳಗಿನವು ಒಂದಕ್ಕೊಂದು ಬೆಸೆದು, ಕತ್ತಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಹೀಗೆ 24 ಮಣಿಗಳು ಮಾತ್ರ ಬಿಡಿಯಾಗಿ ಚಲಿಸುತ್ತವೆ. ಮಣಿಗಳ ನಡುವೆ ಮೆತ್ತೆಗಳೂ, ಮಣಿಗಳ ಕೊಳವೆಯೊಳಗೆ ಬೆನ್ನುಹುರಿಯೂ ಇರುತ್ತವೆ. ಬೆಳೆದವರಲ್ಲಿ ಈ ಮೆತ್ತೆಗಳಿಗೆ ನೇರವಾದ ರಕ್ತಸಂಚಾರವು ಬಹುಮಟ್ಟಿಗೆ ಇಲ್ಲ. ದೇಹವು ಬಾಗಿ ಏಳುವ ಚಲನೆಯಿಂದ, ಸುತ್ತಲಿನ ರಸವು ಒಳಗೆ ಜಿನುಗಿ ಅವುಗಳ ಪೋಷಣೆ ನಡೆಯುತ್ತದೆ. ಆದುದರಿಂದ ಬಹುಕಾಲ ಒಂದೇ ಭಂಗಿಯಲ್ಲಿ ಕುಳಿತಿರುವುದೂ ಬೆನ್ನಿಗೆ ಹಿತವಲ್ಲ, ಶಕ್ತಿಮೀರಿ ಭಾರ ಹೊರುವುದೂ ಹಿತವಲ್ಲ.

ಈ ಸೀಮೆಯ ಕಾಯಕಗಳನ್ನೇ ನೋಡಬಹುದು. ರಾಗಿಯ ಹೊಲದಲ್ಲಿ ಕಳೆ ಕೀಳುವ ತಾಯಿ ಹೊತ್ತೆಲ್ಲ ನಡುಬಾಗಿ ನಿಲ್ಲುತ್ತಾಳೆ. ರಾಮನಗರದಲ್ಲಿ ರೇಷ್ಮೆ ಬಿಚ್ಚುವವರು ಬಿಸಿನೀರಿನ ಮುಂದೆ ಗಂಟೆಗಟ್ಟಲೆ ಕೂರುತ್ತಾರೆ. ಚನ್ನಪಟ್ಟಣದ ಗೊಂಬೆಯ ಕುಶಲಿಗಳು ಕಡೆಯುವ ಯಂತ್ರದ ಮೇಲೆ ಬಾಗಿರುತ್ತಾರೆ. ಬೆಂಗಳೂರಿಗೆ ಹೋದ ಮಕ್ಕಳು ಗಣಕಯಂತ್ರದ ಮುಂದೆ ಕತ್ತು ಚಾಚಿರುತ್ತಾರೆ. ಕಾಯಕಗಳು ಬೇರೆಯಾದರೂ ಬೇನೆ ಒಂದೇ. 2020ರಲ್ಲಿ ಜಗತ್ತಿನಲ್ಲಿ 61 ಕೋಟಿ 90 ಲಕ್ಷ ಜನರು ಸೊಂಟದ ಬೇನೆಯಿಂದ ಬಳಲುತ್ತಿದ್ದರೆಂದೂ, 2050ರ ವೇಳೆಗೆ ಈ ಸಂಖ್ಯೆಯು 84 ಕೋಟಿಯನ್ನು ದಾಟಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ.

ಬೇನೆ ಬಂದ ಮೇಲೆ ಜನರು ಕೈಚಿಕಿತ್ಸೆಯನ್ನರಸುವುದು ಎಲ್ಲ ದೇಶಗಳಲ್ಲಿಯೂ ಹಳೆಯ ರೂಢಿ. ಇಲ್ಲಿಯೂ ಉಳುಕು ತೆಗೆಯುವವರು, ಮೂಳೆ ಕಟ್ಟುವವರು ಇದ್ದಾರೆ. ಪಾಶ್ಚಾತ್ಯರಲ್ಲಿ ಇದಕ್ಕೆ ಸಮೀಪವಾದ ಒಂದು ಪದ್ಧತಿಗೆ ಕೈರೋಪ್ರಾಕ್ಟಿಕ್ ಎಂದು ಹೆಸರು. ಅಮೆರಿಕಾದ ಅಯೋವಾ ಪ್ರಾಂತದ ಡೇವನ್‌ಪೋರ್ಟ್ ಪಟ್ಟಣದಲ್ಲಿ 1895ರಲ್ಲಿ ಡಿ. ಡಿ. ಪಾಮರ್ ಎಂಬಾತನು ಇದನ್ನು ಪ್ರಾರಂಭಿಸಿದನು. ಬೆನ್ನುಮಣಿಗಳನ್ನು ಕೈಯಿಂದ ಒತ್ತಿ, ಹೊರಳಿಸಿ, ಸಡಿಲಗೊಳಿಸುವುದು ಇದರ ಮುಖ್ಯ ಕ್ರಮ. ಈಚಿನ ವರುಷಗಳಲ್ಲಿ ಇದು ಬೆಂಗಳೂರಿಗೂ ಬಂದಿದೆ. ಬೇನೆಯಿಲ್ಲದವರೂ, ಎಳೆಯ ಮಕ್ಕಳೂ ಸೇರಿ ಕುಟುಂಬವೆಲ್ಲವೂ ನಿಯತಕಾಲಕ್ಕೆ ಇದನ್ನು ಮಾಡಿಸಿಕೊಂಡರೆ ರೋಗಗಳೇ ಬಾರವೆಂದು ಕೆಲವರು ಹೇಳುವುದುಂಟು.

ಈ ಮಾತಿನಲ್ಲಿ ಗ್ರಾಹ್ಯವಾವುದು, ತ್ಯಾಜ್ಯವಾವುದು ಎಂಬುದನ್ನು ವಿವೇಚಿಸಬೇಕು. ರೋಗ ಬರುವ ಮುನ್ನವೇ ಕುಟುಂಬವೆಲ್ಲವೂ ಎಚ್ಚರದಿಂದಿರಬೇಕೆಂಬುದು ಸರ್ವಗ್ರಾಹ್ಯವಾದುದು. ಬಹುದಿನದ ಸೊಂಟದ ಬೇನೆಗೆ ತಜ್ಞರ ಕೈಚಿಕಿತ್ಸೆಯಿಂದ ಕೆಲವರಿಗೆ ಉಪಶಮನವಾಗುವುದೂ ಉಂಟು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ನಿರ್ದೇಶಗಳಲ್ಲಿ ತಿಳಿವಳಿಕೆ, ವ್ಯಾಯಾಮ, ಅಂಗಮರ್ದನಗಳೊಡನೆ ಇದಕ್ಕೂ ಸ್ಥಾನವಿದೆ. ಅದೇ ನಿರ್ದೇಶಗಳು ಸೊಂಟಪಟ್ಟಿ ಕಟ್ಟುವುದನ್ನೂ, ಬೆನ್ನನ್ನು ಜಗ್ಗಿಸುವ ಚಿಕಿತ್ಸೆಯನ್ನೂ ವಾಡಿಕೆಯಾಗಿ ಮಾಡಬಾರದೆನ್ನುತ್ತವೆ. ಆದರೆ ಮಣಿ ಹೊರಳಿಸುವುದರಿಂದ ನೆಗಡಿ, ಉಬ್ಬಸ, ಶಿಶುಗಳ ಹೊಟ್ಟೆನೋವು ಮೊದಲಾದುವೆಲ್ಲ ನಿವಾರಣೆಯಾಗುವುವೆಂಬುದಕ್ಕೆ ಪ್ರಮಾಣವಿಲ್ಲ. ಲಟಕ್ಕೆಂದು ಕೇಳುವ ಶಬ್ದವು ತಪ್ಪಿದ ಮೂಳೆಯು ಸ್ಥಾನಕ್ಕೆ ಬಂದ ಗುರುತೂ ಅಲ್ಲ. ಕೀಲಿನ ರಸದಲ್ಲಿ ವಾಯುವಿನ ಗುಳ್ಳೆ ಏರ್ಪಡುವಾಗ ಆಗುವ ಸದ್ದು ಅದು.

ಕತ್ತಿನ ವಿಷಯದಲ್ಲಂತೂ ಎಚ್ಚರವು ಇಮ್ಮಡಿಯಾಗಬೇಕು. ಕ್ಷೌರದಂಗಡಿಯಲ್ಲಿ ತಲೆ ತಿಕ್ಕಿ, ಕೊನೆಗೆ ಕತ್ತನ್ನು ಸರಕ್ಕನೆ ತಿರುಗಿಸಿ ನೆಟಿಗೆ ತೆಗೆಯುವುದು ಎಲ್ಲರೂ ಕಂಡ ರೂಢಿ. 2024ರಲ್ಲಿ ಬಳ್ಳಾರಿಯ ತರುಣನೊಬ್ಬನಿಗೆ ಹೀಗೆ ಕತ್ತು ತಿರುಗಿಸಿದ ಬಳಿಕ ರಕ್ತನಾಳವು ಹರಿದು, ಪಾರ್ಶ್ವವಾಯುವಿನ ಲಕ್ಷಣಗಳುಂಟಾದುವೆಂದು ವೃತ್ತಪತ್ರಿಕೆಗಳಲ್ಲಿ ವರದಿಯಾಯಿತು. ಇಂತಹ ಅಪಾಯವು ಅಪರೂಪವೇ ಸರಿ. ಆದರೆ ಕ್ಷಣದ ಹಿತಕ್ಕಾಗಿ ಅದನ್ನು ಆಹ್ವಾನಿಸುವುದು ವಿವೇಕವಲ್ಲ.

ಮತ್ತೊಂದು ಅಂಶವನ್ನು ಮನೆಯ ಹಿರಿಯರು ವಿಶೇಷವಾಗಿ ನೆನಪಿಡತಕ್ಕದ್ದು. ಬೆನ್ನುಬೇನೆಯೆಲ್ಲವೂ ಉಳುಕಿನಿಂದ ಬಂದುದಲ್ಲ. ಬೇನೆಯೊಡನೆ ಸಂಜೆಯ ಜ್ವರವೂ ಮೈ ಇಳಿಯುವುದೂ ಇದ್ದರೆ ಬೆನ್ನುಮಣಿಗೆ ಕ್ಷಯ ತಗುಲಿರಬಹುದು. ಅದು ತಿಂಗಳುಗಟ್ಟಲೆ ಔಷಧಿ ಸೇವಿಸಿದರೆ ಗುಣವಾಗುವ ರೋಗ, ಆದರೆ ತಿಳಿಯದೆ ಒತ್ತಿದರೆ ಕಾಲುಗಳೇ ಹೋಗಬಹುದಾದ ರೋಗ. ಮುಟ್ಟು ನಿಂತ ತಾಯಂದಿರಲ್ಲಿ ಮೂಳೆಗಳು ಟೊಳ್ಳಾಗಿ ಅಲ್ಪ ಒತ್ತಡಕ್ಕೂ ಕುಸಿಯಬಹುದು. ಕಾಲುಗಳಲ್ಲಿ ಬಲವು ತಪ್ಪುವುದು, ಆಸನಸ್ಥಾನದಲ್ಲಿ ಜೋಮು ಹಿಡಿಯುವುದು, ಮಲಮೂತ್ರಗಳ ಹಿಡಿತ ತಪ್ಪುವುದು, ಬಿದ್ದ ಮೇಲೆ ತೀವ್ರವಾದ ನೋವು ಹುಟ್ಟುವುದು—ಇವುಗಳಲ್ಲಿ ಒಂದು ಕಂಡರೂ ಯಾರ ಕೈಗೂ ಬೆನ್ನನ್ನು ಕೊಡದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಹರಕೆಯನ್ನು ಆಮೇಲೆ ತೀರಿಸಬಹುದು. ಕಳೆದ ಹೊತ್ತು ಮರಳಿ ಬಾರದು.

ಹಾಗಾದರೆ ಮುಂಜಾಗ್ರತೆಯೆಂದರೇನು? ಅದು ಅನ್ಯರ ಕೈಯಲ್ಲಿಲ್ಲ; ಮನೆಯ ದಿನಚರಿಯಲ್ಲಿದೆ. ವಾಗ್ಭಟನು ಅಷ್ಟಾಂಗಹೃದಯದ ಎರಡನೆಯ ಅಧ್ಯಾಯವನ್ನು ದಿನಚರ್ಯೆಗೇ ಮೀಸಲಾಗಿಟ್ಟು, ಅಭ್ಯಂಗವನ್ನೂ, ಅರ್ಧಶಕ್ತಿಯಷ್ಟು ವ್ಯಾಯಾಮವನ್ನೂ ಅದರಲ್ಲಿ ವಿಧಿಸಿದ್ದಾನೆ. ನಾಡಿನ ಮನೆಗಳಲ್ಲಿ ಎಣ್ಣೆ ಸ್ನಾನದ ವಾಡಿಕೆಯು ಹಬ್ಬಕ್ಕಾದರೂ ಉಳಿದಿದೆ. ಅದನ್ನು ವಾರಕ್ಕೊಮ್ಮೆ ಮಾಡಿದರೆ ಮೈಗೂ ಮನಸ್ಸಿಗೂ ಹಿತ. ಬಿಂದಿಗೆಯನ್ನಾಗಲಿ ಮೂಟೆಯನ್ನಾಗಲಿ ಎತ್ತುವಾಗ ನಡುವನ್ನು ಬಾಗಿಸದೆ ಮೊಣಕಾಲನ್ನು ಮಡಿಸಿ, ಭಾರವನ್ನು ಎದೆಗೆ ಹತ್ತಿರ ಹಿಡಿದು ಏಳಬೇಕು. ಕಳೆ ಕೀಳುವವರೂ ರೇಷ್ಮೆ ಬಿಚ್ಚುವವರೂ ಅರ್ಧ ಗಂಟೆಗೊಮ್ಮೆ ಎದ್ದು ಬೆನ್ನನ್ನು ಹಿಂದಕ್ಕೆ ಬಾಗಿಸಿ ನಾಲ್ಕು ಹೆಜ್ಜೆ ನಡೆಯಬೇಕು. ಮುಂಜಾನೆ ಮನೆಮಂದಿಯೆಲ್ಲ ಕೂಡಿ ನಡೆದರೆ ಕಾಸು ಖರ್ಚಿಲ್ಲದ ಔಷಧಿಯಾಯಿತು. ಸೊಂಟ ಹಿಡಿದಾಗಲೂ ದಿನಗಟ್ಟಲೆ ಮಲಗಿರುವುದು ತರವಲ್ಲ. ಅಪಾಯದ ಗುರುತುಗಳಿಲ್ಲದಿದ್ದರೆ ಶಕ್ತ್ಯನುಸಾರ ಓಡಾಡುವುದೇ ಲೇಸು. ನೆಲದ ಮೇಲೆ ಕೂರಲಾರದ ವೃದ್ಧರು ಮಣೆಯ ಮೇಲಾಗಲಿ ಕುರ್ಚಿಯ ಮೇಲಾಗಲಿ ನೆಟ್ಟಗೆ ಕುಳಿತು ಪೂಜಿಸಿದರೆ ಭಕ್ತಿಗೆ ಕೊರತೆಯಿಲ್ಲ.

ಮೂಳೆಯ ಬಲವು ಊಟದಿಂದಲೂ ಬರಬೇಕು. ಈ ನೆಲದ ರಾಗಿಯು ಈ ವಿಷಯದಲ್ಲಿ ಧಾನ್ಯಗಳೊಳಗೆ ಅಗ್ರಗಣ್ಯವಾದುದು. 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಮುದ್ದೆಯನ್ನು ಬಡವರ ಊಟವೆಂದು ಹಳಿದು ಬಿಟ್ಟವರು ಮೂಳೆಯ ಆಹಾರವನ್ನೇ ಬಿಟ್ಟಂತಾಯಿತು. ಆ ಸುಣ್ಣವು ಮೈಗೆ ಹತ್ತಬೇಕಾದರೆ ಚರ್ಮಕ್ಕೆ ಸೂರ್ಯನ ಬಿಸಿಲೂ ತಾಗಬೇಕು.

ಮಕ್ಕಳ ಬೆನ್ನಿನ ಹೊಣೆಯು ತಂದೆತಾಯಿಗಳದು. ಪುಸ್ತಕದ ಚೀಲದ ಭಾರಕ್ಕೆ ಕರ್ನಾಟಕ ಸರ್ಕಾರವು 2019ರಲ್ಲಿ ಮಿತಿ ಹಾಕಿ, ಒಂದು ಎರಡನೆಯ ತರಗತಿಗಳಿಗೆ 2 ಕಿಲೋಗ್ರಾಂಗಳನ್ನೂ, ಒಂಬತ್ತು ಹತ್ತನೆಯ ತರಗತಿಗಳಿಗೆ 5 ಕಿಲೋಗ್ರಾಂಗಳನ್ನೂ ಮೀರಬಾರದೆಂದು ವಿಧಿಸಿತು. ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಚೀಲವು ಮೀರಬಾರದೆಂಬುದು ನೆನಪಿಡಲು ಸುಲಭವಾದ ಸೂತ್ರ. ಆಜ್ಞೆಯು ಸರ್ಕಾರದ್ದಾದರೂ ಚೀಲವನ್ನು ಎತ್ತಿ ನೋಡಬೇಕಾದುದು ಮನೆಯವರೇ.

ಇದೇ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ನೆಯ ಏಪ್ರಿಲ್ 1ರಂದು ಜನಿಸಿ, 2019ನೆಯ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ನೂರು ವರುಷಗಳನ್ನು ದಾಟಿದ ಮೇಲೂ ಇಷ್ಟಲಿಂಗಪೂಜೆಯನ್ನೂ ಭಕ್ತರಿಗೆ ದರ್ಶನವನ್ನೂ ನಡೆಸುತ್ತಿದ್ದುದನ್ನು ನಾಡೆಲ್ಲವೂ ಕಂಡಿದೆ. ಅಷ್ಟು ಆಯುಸ್ಸು ಎಲ್ಲರಿಗೂ ಒದಗುವುದಿಲ್ಲ, ಅದು ಶಿವಚಿತ್ತ. ಆದರೆ ಬೇಗನೆ ಏಳುವುದು, ಮಿತವಾಗಿ ಉಣ್ಣುವುದು, ಕಾಯಕದಲ್ಲಿರುವುದು ಎಂಬ ಅವರ ನಿಯಮಗಳು ಎಲ್ಲರ ಕೈಗೂ ಎಟಕುವಂತಹವು.

ಈ ಮಹೋತ್ಸವದ ನೆನಪಿಗಾಗಿ ಪ್ರತಿಯೊಂದು ಮನೆಯೂ ಒಂದು ಸಂಕಲ್ಪವನ್ನು ಕೈಗೊಳ್ಳುವುದು ಯುಕ್ತವಾದುದು: ನಾಳೆಯ ಮುಂಜಾನೆಯಿಂದ ಮನೆಮಂದಿಯೆಲ್ಲ ಅರ್ಧ ಗಂಟೆ ನಡೆಯುವುದು, ಬಳಿಕ ಬೆನ್ನನ್ನು ನೆಟ್ಟಗಿರಿಸಿ ಪೂಜೆಗೆ ಕೂರುವುದು. ಲಿಂಗವನ್ನು ಧರಿಸುವ ಅಂಗವನ್ನು ಕಾಪಾಡುವುದೂ ಲಿಂಗಸೇವೆಯೇ ಆಗಿದೆ.