ಧರ್ಮದ ಮಾತಿಗೊಂದು ಪರೀಕ್ಷೆ



ಆಫ್ರಿಕಾದ ಸಮಾಜಗಳಲ್ಲಿ ವಿಶ್ವವಿದ್ಯಾಲಯದ ದೈವಶಾಸ್ತ್ರ ಮತ್ತು ಧರ್ಮಶಿಕ್ಷಣದ ಪಾತ್ರವೇನು ಎಂಬುದು ಈ ವಿಚಾರ ಸಂಕಿರಣದ ವಿಷಯ. ಹುಟ್ಟು, ಸಾವು, ರೋಗ, ರಾಜಕಾರಣ, ಎಲ್ಲದರಲ್ಲೂ ಅಲ್ಲಿ ಧರ್ಮದ ಮಾತು ನಡೆಯುತ್ತದೆ. ಇಷ್ಟು ಬಲವುಳ್ಳ ಮಾತನ್ನು ಒರೆಗೆ ಹಚ್ಚುವವರು ಬೇಕು. ಆ ಹೊಣೆ ವಿಶ್ವವಿದ್ಯಾಲಯದ್ದು ಎಂಬುದು ನನ್ನ ನಿಲುವು.

ದಕ್ಷಿಣ ಆಫ್ರಿಕಾವನ್ನು ನೋಡಿ. ಅಲ್ಲಿನ ಡಚ್ ರಿಫಾರ್ಮ್ಡ್ ಚರ್ಚಿನ ಆಡಳಿತ ಸಭೆಯಾದ ಸಿನೊಡ್, ಎಲ್ಲರೂ ಒಟ್ಟಿಗೆ ಆರಾಧಿಸುವುದೇ ಬೈಬಲಿಗೆ ಒಪ್ಪುವ ಕ್ರಮವೆಂದು ಹೇಳುತ್ತಲೇ, ಕೆಲವರ ದೌರ್ಬಲ್ಯದ ನೆಪದಲ್ಲಿ 1857ರಲ್ಲಿ ವರ್ಣದ ಆಧಾರದ ಮೇಲೆ ಪ್ರತ್ಯೇಕ ಆರಾಧನೆಗೆ ಅವಕಾಶ ಕೊಟ್ಟಿತು. ಅಂದಿನ ರಿಯಾಯಿತಿ ಮುಂದೆ ಕಟ್ಟಳೆಯಾಯಿತು. ವರ್ಣಭೇದ ನೀತಿಗೆ ಶಾಸ್ತ್ರಾಧಾರ ಹುಡುಕಿಕೊಟ್ಟವರು ದೈವಶಾಸ್ತ್ರದ ಪಂಡಿತರೇ. ಅದನ್ನು ಕೆಡವಿದವರಲ್ಲೂ ದೈವಶಾಸ್ತ್ರಜ್ಞರಿದ್ದರು. ಮಿಶ್ರವರ್ಣೀಯರನ್ನು ಬೇರೆಯಾಗಿ ಓದಿಸಲೆಂದು ಸರ್ಕಾರವೇ ತೆರೆದಿದ್ದ ವೆಸ್ಟರ್ನ್ ಕೇಪ್ ವಿಶ್ವವಿದ್ಯಾಲಯದ ಅಧ್ಯಾಪಕರು ವರ್ಣಭೇದವನ್ನು ಧಿಕ್ಕರಿಸಿದ ಬೆಲ್ಹಾರ್ ವಿಶ್ವಾಸ ಘೋಷಣೆಯ ರಚನೆಯಲ್ಲಿ ಮುಂದಿದ್ದರು. 1982ರಲ್ಲಿ ಸಿದ್ಧವಾದ ಆ ಕರಡನ್ನು ಮಿಶ್ರವರ್ಣೀಯರ ಡಚ್ ರಿಫಾರ್ಮ್ಡ್ ಮಿಷನ್ ಚರ್ಚು 1986ರಲ್ಲಿ ಅಂಗೀಕರಿಸಿತು. ಅದೇ ಗ್ರಂಥ, ಅದೇ ಭಕ್ತಿ. ಆದರೆ ಈ ಸಲ ಓದಿದವರು ಅನ್ಯಾಯ ಉಂಡವರ ನಡುವೆ ನಿಂತಿದ್ದರು. ಹೀಗೆಯೇ ಹೆಣ್ಣಿನ ಅನುಭವದಿಂದ ಧರ್ಮವನ್ನು ಓದಬೇಕೆಂದು ಘಾನಾದ ಮರ್ಸಿ ಅಂಬಾ ಒಡುಯೊಯೆ 1989ರಲ್ಲಿ ಆಫ್ರಿಕನ್ ದೈವಶಾಸ್ತ್ರಜ್ಞೆಯರ ಬಳಗ ಕಟ್ಟಿದರು.

ಇನ್ನೊಂದು ಉದಾಹರಣೆ ಜೀವ ಉಳಿಸಿದ್ದು. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಬ್ಬಿದಾಗ ಶವಕ್ಕೆ ಸ್ನಾನ ಮಾಡಿಸುವ ಪದ್ಧತಿಯಿಂದಲೂ ಸೋಂಕು ಹರಡಿತು. ಬರೀ ನಿಷೇಧ ಹೇರಿದಾಗ ಜನ ಗುಟ್ಟಾಗಿ ಹೂಳತೊಡಗಿದರು. ಆಗ ವಿಶ್ವ ಆರೋಗ್ಯ ಸಂಸ್ಥೆ ಕ್ರೈಸ್ತ, ಮುಸ್ಲಿಂ ಧಾರ್ಮಿಕ ಸಂಘಟನೆಗಳೊಡನೆ ಕೂತು ಅಂತ್ಯಸಂಸ್ಕಾರದ ಹೊಸ ಕ್ರಮ ರೂಪಿಸಿತು: ಮುಸ್ಲಿಮರಿಗೆ ನೀರಿನ ಸ್ನಾನದ ಬದಲು ಒಣ ಶುದ್ಧಿ, ಎಲ್ಲರಿಗೂ ಮನೆಯವರ ಪ್ರಾರ್ಥನೆಗೆ ಸಮಯ. ನೀರು ಮುಟ್ಟಿಸಲಾಗದ ಕಡೆ ಒಣ ಶುದ್ಧಿಗೆ ಇಸ್ಲಾಂ ಶಾಸ್ತ್ರದಲ್ಲೇ ಅವಕಾಶವಿದೆ ಎಂದು ಬಲ್ಲವರಿಲ್ಲದೆ ಈ ದಾರಿ ತೆರೆಯುತ್ತಿರಲಿಲ್ಲ.

ಇನ್ನು ಶಾಲೆಗಳ ಮಾತು. ಒಂದು ಧರ್ಮಕ್ಕೆ ಮಕ್ಕಳನ್ನು ಒಗ್ಗಿಸುವ ಪಾಠ ಮನೆಗೂ ಆರಾಧನಾಲಯಕ್ಕೂ ಇರಲಿ, ಸರ್ಕಾರಿ ಶಾಲೆ ಎಲ್ಲ ಧರ್ಮಗಳ ತಿಳಿವಳಿಕೆ ಕೊಡಲಿ ಎಂದು ದಕ್ಷಿಣ ಆಫ್ರಿಕಾ 2003ರಲ್ಲಿ ನೀತಿ ರೂಪಿಸಿತು. ಅಂಥ ಪಾಠ ಮಾಡಬಲ್ಲ ಶಿಕ್ಷಕರು ವಿಶ್ವವಿದ್ಯಾಲಯಗಳಿಂದಲೇ ಬರಬೇಕು.

ಆದ್ದರಿಂದ ಇಲ್ಲಿನ ಗೋಷ್ಠಿಗಳು ಎರಡು ಪ್ರಶ್ನೆಗಳನ್ನು ಬಿಡದೆ ಹಿಡಿಯಲಿ. ದೈವಶಾಸ್ತ್ರ ಓದದೆಯೇ ಪ್ರವಚನಕ್ಕೆ ನಿಲ್ಲುವ ಅಸಂಖ್ಯ ಬೋಧಕರನ್ನು ವಿಶ್ವವಿದ್ಯಾಲಯದ ದೈವಶಾಸ್ತ್ರ ವಿಭಾಗಗಳು ತಲುಪುವುದು ಹೇಗೆ? ಪಠ್ಯಕ್ರಮದಲ್ಲಿ ಆಫ್ರಿಕಾದ ಮೂಲ ಧರ್ಮಗಳಿಗೆ ಸಮಾನ ಪೀಠ ಸಿಗುವುದು ಯಾವಾಗ? ಓದಿದವರು ಸುಮ್ಮನಿದ್ದರೆ ಜನರ ನಂಬಿಕೆ ಗಟ್ಟಿಯಾಗಿ ಕೂಗುವವರ ಪಾಲಾಗುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದು ನಮ್ಮ ವಿದ್ವತ್ತಿನ ಮೊದಲ ಕರ್ತವ್ಯ.